ಮುರುಗಲು ಮರದ ದಿಬ್ಬ

ಆಸ್ಪತ್ರೆಯ ಹಿಂದಿನ ಜಾಗವನ್ನು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯ ಒಂದು ಡಿಸೆಂಬರಿನಲ್ಲಿ. ಯಲ್ಲಾಪುರದಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಇಪ್ಪತ್ತು ಹಾಸಿಗೆಯ ಚಿಕ್ಕ ಆಸ್ಪತ್ರೆ ಅದು. ನಾನು ಅಲ್ಲಿ ಹಿರಿಯ ನರ್ಸ್. ರೋಗಿಗಳು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ನಿವೃತ್ತಿಗೆ ಆರು ತಿಂಗಳು ಉಳಿದಿತ್ತು.

ಬೆಳಗಿನ ರೌಂಡು ಮುಗಿಸಿ ವೈದ್ಯರು ವರಾಂಡದಲ್ಲಿ ನಿಂತರು. ರೋಗಿಗಳ ಕಡೆಯವರು ಗೋಡೆಯುದ್ದಕ್ಕೂ ಗಂಟುಮೂಟೆ ಇಟ್ಟುಕೊಂಡು ಕುಳಿತಿದ್ದರು.

"ಸಿಸ್ಟರ್, ಸ್ಟ್ರೆಚರ್ ತಳ್ಳೋಕೆ ಜಾಗ ಇಲ್ಲ. ಹಿಂದೆ ಅಷ್ಟು ಜಾಗ ಹಾಳುಬಿದ್ದಿದೆ. ಇವರೆಲ್ಲ ಹಗಲು ಹೊತ್ತು ಅಲ್ಲಿ ಕೂರೋ ಹಾಗೆ ಏನಾದ್ರೂ ಮಾಡಿ."

"ಯಾವಾಗ ಮುಗಿಯಬೇಕು?"

"ಮಳೆ ಬರೋದರೊಳಗೆ."

"ಮಾರ್ಚ್ ಕೊನೆಗೆ ಮುಗಿಸುತ್ತೇನೆ" ಎಂದೆ. ಹಾಗೆ ಹೇಳುವಾಗಲೇ, ನಾನು ಹೋದ ಮೇಲೂ ಜನ ಅಲ್ಲಿ ಕುಳಿತು 'ಇದು ದೊಡ್ಡ ಸಿಸ್ಟರ್ ಮಾಡಿಸಿದ್ದು' ಎನ್ನುವುದು ನನ್ನ ಕಿವಿಗೆ ಕೇಳಿಸಿತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಕಟ್ಟಡದ ಹಿಂಗೋಡೆಯಿಂದ ಕಾಂಪೌಂಡಿನವರೆಗೆ ನಲವತ್ತು ಅಡಿ, ಉದ್ದ ಎಪ್ಪತ್ತು ಅಡಿ. ತುಕ್ಕು ಹಿಡಿದ ಮಂಚಗಳು, ಒಡೆದ ಸಲೈನ್ ಬಾಟಲಿಗಳು, ತಲೆಯೆತ್ತರ ಬೆಳೆದ ಲಂಟಾನ. ಬಟ್ಟೆ ಒಗೆಯುವ ಕಲ್ಲಿನ ನೀರಿಗೆ ಹೋಗಲು ದಾರಿಯಿಲ್ಲದೆ ನಡುವೆ ಹೊಂಡವಾಗಿತ್ತು. ಒಂದು ಮೂಲೆಯಲ್ಲಿ ಮುರುಗಲು ಮರ. ಅದರ ಸುತ್ತ ಮೂರಡಿ ಎತ್ತರದ ಮಣ್ಣಿನ ದಿಬ್ಬ. ಕಟ್ಟಡದ ಪಾಯ ತೆಗೆದಾಗ ಅಗೆದು ಹಾಕಿದ ಮಣ್ಣು ಹಾಗೆಯೇ ಉಳಿದುಬಿಟ್ಟದ್ದು.

ನನ್ನ ಡ್ಯೂಟಿ ಬೆಳಿಗ್ಗೆ ಏಳರಿಂದ ಮೂರು. ಮೂರೂವರೆಯಿಂದ ಐದೂವರೆ ಹಿತ್ತಲ ಕೆಲಸ ಎಂದು ಗೊತ್ತುಮಾಡಿಕೊಂಡೆ. ಮೊದಲ ವಾರ ಗಾಜು ಹೆಕ್ಕುವುದು ಬಿಟ್ಟು ಬೇರೇನೂ ಮಾಡಿಸಲಿಲ್ಲ. ಇಬ್ಬರು ಕೆಲಸದ ಹೆಂಗಸರು, ಕೈಯಲ್ಲಿ ಚಿಮಟ, ಪಕ್ಕದಲ್ಲಿ ಬಕೆಟ್ಟು. ಒಂದು ಮೊಳ ಅಗಲದ ಪಟ್ಟೆ ಮುಗಿದ ಮೇಲೆ ಮುಂದಿನ ಪಟ್ಟೆ. ಎರಡನೇ ವಾರ ಲಂಟಾನ. ಅದನ್ನು ಕಡಿದರೆ ದುಪ್ಪಟ್ಟು ಚಿಗುರುತ್ತದೆ, ಬೇರುಸಹಿತ ಕೀಳಿಸಿದೆ. ಮೂರನೇ ವಾರ ಹೊಂಡದ ನೀರು ಬಿಡಿಸಿ, ಬ್ಲೀಚಿಂಗ್ ಪುಡಿ ಹಾಕಿ, ಐದಡಿ ಆಳದ ಇಂಗುಗುಂಡಿ ತೆಗೆಸಿದೆ. ತಳದಲ್ಲಿ ದಪ್ಪ ಕಲ್ಲು, ನಡುವೆ ಜಲ್ಲಿ, ಮೇಲೆ ಮರಳು. ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದು, ಹತ್ತಡಿಗೆ ಎರಡಿಂಚು ಇಳಿತ ಇಟ್ಟು ನೆಲ ಸವರಿಸಿದೆವು. ದಿಬ್ಬದಲ್ಲಿ ಬೇರು ಹೆಚ್ಚು ಇದ್ದುದರಿಂದ ಅದನ್ನು ಕೊನೆಗೆ ಕಡಿಯುವುದೆಂದು ಬಿಟ್ಟೆ.

ಜನವರಿಯಲ್ಲಿ ಒಂದು ಲಾರಿ ಚಿರೇಕಲ್ಲು ಬಂತು. ನನ್ನ ನಕ್ಷೆಯಲ್ಲಿ ಎಂಟು ಬೆಂಚುಗಳಿದ್ದವು. ಕಾಂಪೌಂಡಿಗೆ ಹೊಂದಿಕೊಂಡು ಒಂದೇ ಸಾಲು, ಐದಡಿ ಉದ್ದ, ಹದಿನೆಂಟು ಇಂಚು ಎತ್ತರ, ಮೇಲೆ ಕೆಂಪು ಗಾರೆಯ ನುಣುಪು. ಎರಡು ಬೆಂಚುಗಳ ನಡುವೆ ಸರಿಯಾಗಿ ಮೂರಡಿ. ಆ ಮೂರಡಿ ಎಲ್ಲಿಂದ ಬಂತೆಂದು ಆಗ ಯೋಚಿಸಲಿಲ್ಲ. ವಾರ್ಡಿನಲ್ಲಿ ಎರಡು ಮಂಚಗಳ ನಡುವೆ ನಾನು ದಿನಾ ಬಿಡಿಸುತ್ತಿದ್ದ ಅಂತರವೇ ಅದು.

ಮೇಸ್ತ್ರಿ ಹುಬ್ಬಳ್ಳಿ ಕಡೆಯವನು. ಕಟ್ಟಿದ ದಾರ ನೋಡಿ ತಲೆ ಕೆರೆದುಕೊಂಡ.

"ಅಕ್ಕೋರ, ಎಂಟೂ ಒಂದ ಸಾಲಿಗೆ ಅಂದ್ರ, ಮಂದಿ ಬಸ್ಸಿಗೆ ಕಾಯಾಕ ಕುಂತಂಗ ಕಾಣ್ತದ್ರಿ."

"ಸಾಲು ತಪ್ಪಬಾರದು, ಮೇಸ್ತ್ರಿ."

"ತಪ್ಪಂಗಿಲ್ಲ ಬಿಡ್ರಿ. ಟಿಕೀಟ್ ಯಾರ್ ಕೊಡಾವ್ರು ಅಂತ ಕೇಳಿದ್ನಿ, ಅಷ್ಟ."

ನಾನು ನಗಲಿಲ್ಲ.

ಅದೇ ವಾರ ಇಡಗುಂದಿಯಿಂದ ಒಬ್ಬನನ್ನು ಕರೆತಂದರು. ಕಾಡಿನಲ್ಲಿ ಮರ ಹೇರುವವನು. ದಿಮ್ಮಿ ಉರುಳಿ ತೊಡೆಯ ಮೂಳೆ ಮುರಿದಿತ್ತು. ಮೊಣಕಾಲಿನ ಕೆಳಗೆ ಮೂಳೆಯೊಳಗೆ ಸರಳು ಹಾಯಿಸಿ, ಅದಕ್ಕೆ ಹಗ್ಗ ಕಟ್ಟಿ, ರಾಟೆಯ ಮೇಲೆ ತೂಕ ಇಳಿಬಿಟ್ಟು, ಮಂಚದ ಕಾಲ್ದೆಸೆಗೆ ಇಟ್ಟಿಗೆ ಇಟ್ಟೆವು. ಕಾಲು ಹೀಗೆ ಎಳೆದುಕೊಂಡೇ ಹತ್ತು ವಾರ ಇರಬೇಕು. ಎದ್ದು ಕೂರುವಂತಿಲ್ಲ, ಹೊರಳುವಂತಿಲ್ಲ. ಅವನ ಜೊತೆ ಬಂದವಳು ಹೆಂಡತಿ ಒಬ್ಬಳೇ. ನಲವತ್ತೈದರ ಆಸುಪಾಸು, ಕಡಿಮೆ ಮಾತು. ತಂದದ್ದು ಒಂದು ಗಂಟು ಕುಚ್ಚಲಕ್ಕಿ ಮತ್ತು ಒಂದು ಅಲ್ಯೂಮಿನಿಯಂ ಹಂಡೆ.

ನಾಲ್ಕನೇ ದಿನ ಮೂರೂವರೆಗೆ ಹಿತ್ತಲಿಗೆ ಹೋದರೆ ಮುರುಗಲು ಮರದ ದಿಬ್ಬದ ಮೇಲೆ ಹೊಗೆ ಏಳುತ್ತಿತ್ತು. ಅವಳು ದಿಬ್ಬದ ನೆತ್ತಿ ಗುಡಿಸಿ ಚೊಕ್ಕ ಮಾಡಿದ್ದಳು. ಮೇಸ್ತ್ರಿ ಕೆತ್ತಿ ಎಸೆದಿದ್ದ ಚಿರೇಕಲ್ಲಿನ ಚೂರುಗಳಲ್ಲಿ ಮೂರನ್ನು ಒಲೆ ಮಾಡಿ ಹಂಡೆ ಏರಿಸಿದ್ದಳು. ಉಳಿದ ಚಪ್ಪಟೆ ಚೂರುಗಳು ಸುತ್ತ ಅಲ್ಲೊಂದು ಇಲ್ಲೊಂದು ಮಣೆಗಳಂತೆ ಬಿದ್ದಿದ್ದವು. ಅವನ್ನು ಲಾರಿಗೆ ತುಂಬಿ ಹೊರಗೆ ಕಳಿಸಬೇಕೆಂದು ನಾನು ಬರೆದಿಟ್ಟುಕೊಂಡಿದ್ದೆ.

"ಇದೆಲ್ಲ ಮಾಡೋಕೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ ಸಿಸ್ಟರ್. ಗಂಜಿ ಬೇಯ್ಸೂಕೆ ಜಾಗ ಬೇಕಿತ್ತು. ನಿಮ್ಮ ಕೆಲ್ಸಕ್ಕೆ ಅಡ್ಡ ಅಂದ್ರೆ ಹೇಳಿ, ತೆಗಿತೆ."

"ಸದ್ಯಕ್ಕಿರಲಿ" ಎಂದೆ. ದಿಬ್ಬ ಹೇಗೂ ಕಡಿಯುವುದೇ ಇತ್ತಲ್ಲ.

ಹದಿನೈದು ದಿನಗಳಲ್ಲಿ ಆ ಮೂಲೆ ತುಂಬಿತು. ಸಾಮಿಲ್ಲಿನಿಂದ ಯಾರೋ ಮರದ ಚಕ್ಕೆ ಹೊತ್ತು ತಂದು ಹಾಕಿದರು. ಹಂಡೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿನೀರು. ಬಾಣಂತಿಯರ ತಾಯಂದಿರು ಬಕೆಟ್ಟು ಹಿಡಿದು ಬಂದವರು ಅಲ್ಲೇ ಕುಳಿತುಬಿಡುತ್ತಿದ್ದರು. ಒಬ್ಬಳು ಅಕ್ಕಿ ಆರಿಸುವಳು, ಇನ್ನೊಬ್ಬಳು ಕೂಸಿನ ಬಟ್ಟೆ ಮಡಿಸುವಳು, ಲಾರಿ ಡ್ರೈವರನ ತಾಯಿಯೊಬ್ಬಳು ತಸ್ಬಿಯ ಜಪಮಣಿ ಎಣಿಸುತ್ತ ನಡುನಡುವೆ ಗಂಜಿಗೆ ಉಪ್ಪು ಸಾಕೋ ಎಂದು ಕೇಳುವಳು. ಇಡಗುಂದಿಯವಳು ಯಾರನ್ನೂ ಕರೆಯುತ್ತಿರಲಿಲ್ಲ, ಯಾರನ್ನೂ ಉಪಚರಿಸುತ್ತಲೂ ಇರಲಿಲ್ಲ. ಬಂದವರಿಗೆ ಸ್ವಲ್ಪ ಸರಿದು ಕೊಡುತ್ತಿದ್ದಳು, ಅಷ್ಟೇ.

ಫೆಬ್ರವರಿ ಮೊದಲ ವಾರ ನನ್ನ ಎಂಟು ಬೆಂಚುಗಳು ಸಿದ್ಧವಾದವು. ಒಂದರಿಂದ ಎಂಟರವರೆಗೆ ಬಿಳಿ ಬಣ್ಣದಲ್ಲಿ ನಂಬರು ಬರೆಸಿದೆ. ವರಾಂಡದಲ್ಲಿ ನಿಂತು, ಇಂದಿನಿಂದ ಎಲ್ಲರೂ ಹಗಲು ಹೊತ್ತು ಹಿಂದೆ ಬೆಂಚಿನ ಮೇಲೆ ಕೂರಬೇಕೆಂದು ಹೇಳಿದೆ. ಜನ ಎದ್ದರು, ಹಿಂದೆ ಹೋದರು, ಬೆಂಚುಗಳನ್ನು ದಾಟಿ ದಿಬ್ಬ ಹತ್ತಿದರು. ಸಂಜೆ ನೋಡಿದಾಗ ಮೂರನೇ ನಂಬರಿನ ಮೇಲೆ ನಾಯಿ ಮಲಗಿತ್ತು. ಐದನೆಯದರ ಮೇಲೆ ಯಾರದೋ ಲಂಗ ಒಣಗುತ್ತಿತ್ತು.

ಸಿದ್ದಾಪುರ ಕಡೆಯ ತೋಟದವರ ಮನೆಯ ಅಜ್ಜಿಯೊಬ್ಬರು ಸೊಸೆಯ ಹೆರಿಗೆಗೆಂದು ಬಂದಿದ್ದರು. ಅವರನ್ನು ಕೈಹಿಡಿದು ಒಂದನೇ ನಂಬರಿನ ಹತ್ತಿರ ನಿಲ್ಲಿಸಿದೆ.

"ಅಮ್ಮಾ, ಇಲ್ಲಿ ಕೂತುಕೊಳ್ಳಿ. ಹೊಸದು."

"ಬ್ಯಾಡ ತಂಗಿ. ಇದ್ರ ಮೇಲೆ ಕೂತ್ರೆ ಕಾಲು ನೆಲಕ್ಕೆ ಸಿಕ್ತಿಲ್ಲೆ. ಆನು ಅಲ್ಲಿಗೇ ಹೋಗ್ತೆ. ಅಲ್ಲಿ ಮಾತಾಡಲೆ ಜನ ಇದ್ದ."

"ಇಲ್ಲಿ ಕೂತರೆ ಇಲ್ಲಿಯೂ ಜನ ಆಗುತ್ತಾರಲ್ಲ."

"ಮೊದಲು ಯಾರು ಕೂತ್ಕಳವು, ಹೇಳು ನೋಡನ?" ಎಂದು ನಕ್ಕು, ಸೀರೆಯ ನೆರಿಗೆ ಹಿಡಿದು ದಿಬ್ಬ ಹತ್ತಿದರು.

ಹೊಟ್ಟೆಕಿಚ್ಚು ಎಂಬುದಕ್ಕೆ ಒಂದು ವೇಳಾಪಟ್ಟಿ ಇರುತ್ತದೆಂದು ನನಗೆ ಗೊತ್ತಾದದ್ದು ಆ ದಿನಗಳಲ್ಲಿ. ಬೆಳಿಗ್ಗೆ ಆರಕ್ಕೆ ಎದ್ದಾಗ ಇರುತ್ತಿರಲಿಲ್ಲ. ಹತ್ತರ ಹೊತ್ತಿಗೆ ಹಿಂದಿನಿಂದ ನಗುವ ಸದ್ದು ಬಂದಾಗ ಶುರುವಾಗುತ್ತಿತ್ತು. ಮೂರೂವರೆಗೆ ಹಿತ್ತಲಿಗೆ ಹೋಗುವಾಗ ಎದೆಯಲ್ಲಿ ಕಲ್ಲಾಗಿ ಕುಳಿತಿರುತ್ತಿತ್ತು. ಎರಡು ತಿಂಗಳು ನಾನು ಗಾಜು ಹೆಕ್ಕಿಸಿ, ಮಟ್ಟ ಹಿಡಿಸಿ, ಗಾರೆ ತಿಕ್ಕಿಸಿದ ಜಾಗದಲ್ಲಿ, ನನ್ನದೇ ಕಲ್ಲಿನ ಕಸದಿಂದ, ಹೆಬ್ಬೆಟ್ಟು ಒತ್ತುವ ಹೆಂಗಸೊಬ್ಬಳು ನಾನು ಮಾಡಲಾಗದ್ದನ್ನು ಮಾಡಿದ್ದಳು. ಅದೂ ಮಾಡಬೇಕೆಂದು ಹೊರಡದೆ.

ಒಂದು ಸಂಜೆ ವೈದ್ಯರೇ ಅಲ್ಲಿ ಚೂರುಗಲ್ಲಿನ ಮೇಲೆ ಕುಳಿತು ಕಷಾಯ ಕುಡಿಯುತ್ತಿದ್ದರು. ನನ್ನನ್ನು ಕಂಡು ಲೋಟ ಎತ್ತಿದರು.

"ಸಿಸ್ಟರ್, ಹಿಂದೆ ಬಹಳ ಚೆನ್ನಾಗಿ ಆಗಿದೆ!"

ಅವರ ಬೆನ್ನು ನನ್ನ ಬೆಂಚುಗಳ ಕಡೆಗಿತ್ತು.

ಮರುವಾರ ಹಗ್ಗದ ಮೇಲೆ ಒಣಹಾಕಿದ್ದ ಚಾದರಗಳ ಮೇಲೆ ಮಸಿಯ ಕಲೆ ಕಂಡಿತು. ಆರು ಚಾದರ. ಬೆರಳಲ್ಲಿ ತಿಕ್ಕಿ ನೋಡಿದೆ, ಜಿಡ್ಡುಜಿಡ್ಡಾಗಿ ಹರಡಿತು. ಕಟ್ಟಿಗೆಯ ಮಸಿ ಹಾಗಾಗುವುದಿಲ್ಲ, ಪುಡಿಯಾಗಿ ಉದುರುತ್ತದೆ. ಇದು ಸೀಮೆಎಣ್ಣೆಯದು. ಉಪಕರಣ ಕುದಿಸುವ ಕೋಣೆಯ ದೊಡ್ಡ ಸ್ಟವ್ವು ವಾರದಿಂದ ಸರಿಯಾಗಿ ಉರಿಯುತ್ತಿರಲಿಲ್ಲ. ಅದರ ಹೊಗೆಕಿಂಡಿ ಹಗ್ಗದ ನೆತ್ತಿಯ ಮೇಲೆಯೇ ಇತ್ತು. ಗಾಳಿಯೂ ಹಗ್ಗದ ಕಡೆಯಿಂದ ದಿಬ್ಬದ ಕಡೆಗೆ ಬೀಸುತ್ತಿತ್ತು. ಇಷ್ಟೆಲ್ಲ ತಿಳಿಯಲು ನನಗೆ ಅರ್ಧ ನಿಮಿಷ ಸಾಕಾಯಿತು.

ಆಮೇಲೆ ಹೋಗಿ ರಿಪೋರ್ಟು ಪುಸ್ತಕದಲ್ಲಿ ಬರೆದೆ: 'ಹಿತ್ತಲಿನ ಒಲೆಯ ಮಸಿಯಿಂದ ಒಗೆದ ಚಾದರಗಳು ಹಾಳಾಗಿವೆ. ಒಲೆ ತೆಗೆಸಲಾಗಿದೆ.' ಕೆಳಗೆ ಸಹಿ, ವೇಳೆ. ಮೊದಲು ಬರೆದದ್ದು, ತೆಗೆಸಿದ್ದು ನಂತರ.

ಇಡಗುಂದಿಯವಳಿಗೆ ಹೇಳಿದೆ. ಅವಳು ಚಾದರದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು.

"ಆಯ್ತು ಸಿಸ್ಟರ್" ಎಂದು ಒಲೆಗೆ ನೀರು ಹೊಯ್ದಳು. ಯಾರನ್ನೂ ಕರೆಯದೆ ಕಲ್ಲಿನ ಚೂರುಗಳನ್ನು ಒಂದೊಂದಾಗಿ ಕೆಳಗಿಳಿಸಿ ಕಾಂಪೌಂಡಿನ ಬುಡದಲ್ಲಿ ಅಚ್ಚುಕಟ್ಟಾಗಿ ಪೇರಿಸಿಟ್ಟಳು. ಜಗಳ ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಒಲೆ ಹೋದರೆ ಜನ ಬೆಂಚಿಗೆ ಬಂದಾರು ಎಂದುಕೊಂಡಿದ್ದೆ. ಎಲ್ಲರೂ ವರಾಂಡಕ್ಕೆ ಹೋದರು. ಸ್ಟ್ರೆಚರಿಗೆ ಮತ್ತೆ ದಾರಿಯಿಲ್ಲ. ಬಾಣಂತಿಯರ ಕಡೆಯವರು ಬಿಸಿನೀರಿಗೆ ಬಸ್ ಸ್ಟ್ಯಾಂಡಿನ ಹೋಟೆಲಿಗೆ ನಡೆದರು. ಕಾಲು ಕಟ್ಟಿಸಿಕೊಂಡವನು ಊಟ ಕಡಿಮೆ ಮಾಡಿದ. ಪಾಳಿಯ ನರ್ಸುಗಳು ಎರಡು ದಿನವೂ 'ರೋಗಿ ಚಡಪಡಿಸುತ್ತಾನೆ, ಹೊರಳಲು ನೋಡುತ್ತಾನೆ' ಎಂದು ಬರೆದರು.

ಮೂರನೇ ದಿನ ಮಧ್ಯಾಹ್ನ ವೈದ್ಯರು ಕರೆಸಿದರು. ಇಡಗುಂದಿಯವಳು ಮೇಜಿನ ಮುಂದೆ ನಿಂತಿದ್ದಳು.

"ಇವರು ಗಂಡನನ್ನ ಮನೆಗೆ ಕರ್ಕೊಂಡು ಹೋಗ್ತಾರಂತೆ, ಸಿಸ್ಟರ್. ನಾಳೆ ಹತ್ತಕ್ಕೆ ಜೀಪು ಹೇಳಿದ್ದಾರೆ. ಇನ್ನೂ ಐದು ವಾರ ಬೇಕು. ಈಗ ತೂಕ ಬಿಚ್ಚಿದರೆ ಮೂಳೆ ಒಂದರ ಮೇಲೊಂದು ಏರಿ ಕಾಲು ಎರಡಿಂಚು ಗಿಡ್ಡ ಆಗ್ತದೆ. ಮರ ಹೊರೋ ಮನುಷ್ಯ. ನಾನು ಹೇಳಿ ಸೋತೆ. ನೀವು ಹೇಳಿ."

ಅವಳನ್ನು ಹೊರಗೆ ಕರೆದುಕೊಂಡು ಹೋದೆ.

"ಒಲೆ ತೆಗೆಸಿದೆ ಅಂತ ಸಿಟ್ಟಾ?"

"ಒಲೆದಲ್ಲ ಸಿಸ್ಟರ್. ಗಂಜಿ ಹ್ಯಾಗೋ ಆಗ್ತದೆ. ಈಗ ಅವ್ರಿಗೆ ನಾ ಕಾಣೂದಿಲ್ಲ. ಕಾಣ್ದಿದ್ರೆ ಏಳೂಕೆ ನೋಡ್ತ್ರು. ಎದ್ರೆ ಹ್ಯಾಗೂ ಮೂಳೆ ಜಾರ್ತದೆ. ಮನೇಲಾದ್ರೂ ಎದ್ರಿಗೆ ಕೂತಿರ್ತೆ."

"ನಾಲ್ಕರಿಂದ ಆರರವರೆಗೆ ವಾರ್ಡಿಗೆ ಬಿಡುತ್ತೇವಲ್ಲ."

"ಮಿಕ್ಕ ಹೊತ್ತು?"

ನಾಲ್ಕರಿಂದ ಆರು ಎಂಬ ನಿಯಮ ನನ್ನದೇ. ಅವಳು ದಿಬ್ಬದ ಮೇಲಿದ್ದಾಗ ಅವನಿಗೆ ಕಾಣುತ್ತಿದ್ದಳು ಎನ್ನುವುದು ಮಾತ್ರ ತಲೆಯಲ್ಲಿ ಉಳಿಯಿತು. ನೇರ ಗಂಡಸರ ವಾರ್ಡಿಗೆ ಹೋದೆ. ಅವನ ಪಕ್ಕದ ಮಂಚ ಅವತ್ತು ಖಾಲಿಯಾಗಿತ್ತು. ಚಪ್ಪಲಿ ಬಿಟ್ಟು ಅದರ ಮೇಲೆ ಮಲಗಿದೆ. ಮೂವತ್ತು ವರ್ಷ ಚಾದರದ ಮೂಲೆ ಮಡಿಸಿದವಳು, ಒಂದು ದಿನವೂ ವಾರ್ಡಿನ ಮಂಚದಲ್ಲಿ ಮಲಗಿ ನೋಡಿರಲಿಲ್ಲ.

ಪಕ್ಕದಿಂದ ಅವನು ಕೇಳಿದ: "ಎಂತ ಆಯ್ತು ಸಿಸ್ಟರ್? ತಲೆ ತಿರುಗ್ತಾ?"

"ಏನೂ ಇಲ್ಲ. ನಿನಗೆ ಇಲ್ಲಿಂದ ಏನು ಕಾಣುತ್ತದೆ?"

"ಮುರುಗಲ ಮರ. ಮೊದ್ಲು ಅವ್ಳೂ ಕಾಣ್ತಿದ್ಲು. ನಾ ಕೈ ಎತ್ತಿದ್ರೆ ಅವ್ಳು ಸೌಟು ಎತ್ತೂದು."

ತಿರುಗಿ ನೋಡಿದೆ. ಕಟ್ಟಡದ ನೆಲ ಹಿತ್ತಲಿಗಿಂತ ಮೂರಡಿ ಎತ್ತರದಲ್ಲಿದೆ. ಮಲಗಿದವರ ಕಣ್ಣು ಕಿಟಕಿಯ ದಂಡೆಯ ಮಟ್ಟಕ್ಕೆ ಬರುತ್ತದೆ. ಅಲ್ಲಿಂದ ಕೆಳಗಿನ ನೆಲ ಕಾಣುವುದಿಲ್ಲ. ನನ್ನ ಎಂಟು ಬೆಂಚುಗಳಲ್ಲಿ ಒಂದೂ ಕಾಣಲಿಲ್ಲ. ಕಾಣುವುದು ದಿಬ್ಬ ಒಂದೇ, ಅದೂ ಮೂರಡಿ ಎತ್ತರ ಇದ್ದುದರಿಂದ. ಹೆಂಗಸರ ವಾರ್ಡಿಗೆ ಹೋಗಿ ಅಲ್ಲಿಯೂ ಒಂದು ಮಂಚದಲ್ಲಿ ಮಲಗಿದೆ. ಓರೆಯಾಗಿ, ದಿಬ್ಬವೇ ಕಂಡಿತು. ಕಾಲು ನೆಲಕ್ಕೆ ಸಿಕ್ಕುವುದಿಲ್ಲ ಎಂದ ಅಜ್ಜಿ, ತಸ್ಬಿಯ ತಾಯಿ, ಎಲ್ಲರೂ ಅಲ್ಲಿಗೇ ಹೋಗಿ ಕೂರುತ್ತಿದ್ದುದು ಬಿಸಿನೀರಿಗೆ ಮಾತ್ರವಲ್ಲ. ಮಾರ್ಚಿನಲ್ಲಿ ನಾನು ಕಡಿದು ಸಮ ಮಾಡಿಸಲಿದ್ದುದು ಅದನ್ನೇ.

ಆ ಮಂಚದಲ್ಲಿ ಮಲಗಿದ್ದಾಗ ನನಗೆ ಬಂದದ್ದು ಪಶ್ಚಾತ್ತಾಪ ಎಂದು ಬರೆದರೆ ಚೆನ್ನಾಗಿ ಕಾಣಬಹುದು. ಮೊದಲು ಬಂದದ್ದು ಇನ್ನಷ್ಟು ಹೊಟ್ಟೆಕಿಚ್ಚು. ಅವಳಿಗೆ ಇದು ತಿಳಿಯಲು ನಾಲ್ಕೇ ದಿನ ಸಾಕಾಗಿತ್ತು.

ಮರುದಿನ ಎಂಟು ಗಂಟೆಗೆ ರಿಪೋರ್ಟು ಪುಸ್ತಕ ತೆಗೆದುಕೊಂಡು ವೈದ್ಯರ ಕೋಣೆಗೆ ಹೋದೆ. ತಪ್ಪು ಬರೆದದ್ದನ್ನು ಅಳಿಸಬಾರದು; ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ಹಾಗೆಯೇ ಮಾಡಿದ್ದೆ. 'ಮಸಿ ಸ್ಟವ್ವಿನದು. ಒಲೆ ತೆಗೆಸಿದ್ದು ತಪ್ಪು.'

ಅವರು ಎರಡು ಸಲ ಓದಿದರು.

"ಇದು ನಿಮಗೆ ಈಗ ಗೊತ್ತಾಯ್ತಾ, ಅವತ್ತೇ ಗೊತ್ತಿತ್ತಾ?"

"ಅವತ್ತೇ ಗೊತ್ತಿತ್ತು."

ಅವರು ಪೆನ್ನು ತೆಗೆದು ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು. ಬೈದಿದ್ದರೆ ಒಳ್ಳೆಯದಿತ್ತು.

"ಬೆಂಚು ಒಡೆಸಬೇಕು, ಸರ್" ಎಂದೆ. ವಿವರಿಸಿದೆ. ಅವರು ಎದ್ದು ಬಂದು ಒಂದು ಮಂಚದ ಮೇಲೆ ಮಲಗಿ ನೋಡಿ, "ಒಡೆಸಿ" ಎಂದರು.

ಹೊರಗೆ ಇಡಗುಂದಿಯವಳು ಹಂಡೆಯನ್ನು ಚಾಪೆಯಲ್ಲಿ ಸುತ್ತಿ ಕಟ್ಟಿ ಕುಳಿತಿದ್ದಳು. ಹತ್ತಕ್ಕೆ ಐದು ನಿಮಿಷವಿತ್ತು. ನಿಂತುಕೊಂಡೇ ಹೇಳಿದೆ.

"ಮಸಿ ನಿನ್ನ ಒಲೆಯದಾಗಿರಲಿಲ್ಲ."

"ಗೊತ್ತಿತ್ತು ಸಿಸ್ಟರ್."

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

ಅವಳು ಗಂಟಿನ ಹಗ್ಗ ಸರಿಮಾಡಿದಳು. "ಅವ್ರ ಕಾಲು ನಿಮ್ಮ ಕೈಯಲ್ಲಿತ್ತಲ್ರಾ. ನಾ ಎದುರು ಮಾತಾಡಿ, ನೀವು ಸಿಟ್ಟಲ್ಲಿ ಆ ಹಗ್ಗ ಒಂಚೂರು ಹೆಚ್ಚು ಕಡಿಮೆ ಎಳೆದ್ರೆ ನಾ ಎಂತ ಮಾಡೂದು?"

ನನ್ನ ನೌಕರಿಯಲ್ಲಿ ಜನ ನನಗೆ ಹೆದರುತ್ತಿದ್ದರೆಂದು ಗೊತ್ತಿತ್ತು. ಅದನ್ನು ಶಿಸ್ತು ಎಂದುಕೊಂಡಿದ್ದೆ. ಈ ರೀತಿಯ ಹೆದರಿಕೆಯನ್ನು ಎದುರಿಗೆ ಕೇಳಿದ್ದು ಅದೇ ಮೊದಲು.

ಗೇಟಿನಲ್ಲಿ ಜೀಪು ಹಾರ್ನ್ ಹೊಡೆಯಿತು. ಡ್ರೈವರು ಪೇಟೆಯ ಸಾಬಿ ಮನುಷ್ಯ, ತಲೆ ಹೊರಗೆ ಹಾಕಿದ.

"ಅಕ್ಕಾ, ಪೇಶಂಟನ್ನ ಹತ್ಸೋದಾ, ಇಲ್ಲಾ ನಾನೇ ಹತ್ಕೊಂಡು ಹೋಗೋದಾ?"

"ಐದು ನಿಮಿಷ ತಡಿ, ಭಾಯಿ" ಎಂದು ಕೂಗಿ, ನಾನು ಅವಳ ಎದುರಿಗೆ ನೆಲದ ಮೇಲೆ ಕುಳಿತೆ. "ದಿಬ್ಬ ಕಡಿಯುವುದಿಲ್ಲ. ಅದನ್ನು ಎರಡೂ ವಾರ್ಡಿನ ಉದ್ದಕ್ಕೆ ಬೆಳೆಸುತ್ತೇವೆ. ನೀನು ಎಲ್ಲಿ ಕೂತರೂ ಅವನಿಗೆ ಕಾಣಬೇಕು. ಒಲೆ ಎಲ್ಲಿ ಬೇಕು, ಹೇಗೆ ಬೇಕು, ನೀನು ಹೇಳು. ಇವತ್ತೇ ಶುರು."

"ಅವ್ರನ್ನ ಕೇಳ್ಬೇಕು" ಎಂದಳು.

"ಹೋಗ್ಲಾ, ವಾರ್ಡಿಗೆ?" ಎಂದು ನನ್ನನ್ನೇ ಕೇಳಿದಳು, ನಾಲ್ಕು ಗಂಟೆ ಆಗಿರಲಿಲ್ಲವಲ್ಲ.

"ಹೋಗು."

ಅವಳು ಒಳಗಿದ್ದ ಹೊತ್ತು ನಾನು ಗೇಟಿನಲ್ಲಿ ನಿಂತಿದ್ದೆ. ಡ್ರೈವರು ಬೀಡಿ ಹಚ್ಚಿದ. ಆಸ್ಪತ್ರೆಯ ಮುಂದೆ ಬೀಡಿ ಬೇಡವೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಅವಳು ಹೊರಗೆ ಬಂದು ಜೀಪಿನ ಹತ್ತಿರ ಹೋದಳು.

"ಹೋಗ್ ಬಾ ಅಣ್ಣಾ. ಐದು ವಾರ ಬಿಟ್ಟು ಬಾ."

ಮೇಸ್ತ್ರಿ ಒಂದು ಮಾತೂ ಆಡದೆ ಪಿಕಾಸಿ ಎತ್ತಿದ. ಎಂಟನೇ ನಂಬರು ಒಡೆದ ಮೇಲೆ ಮಾತ್ರ, "ಬಸ್ಸು ಬರ್ಲಿಲ್ಲ ಅಂತ ಕಾಣ್ತದ್ರಿ" ಎಂದ. ಆಗ ನಕ್ಕೆ.

ಜಾಗ ಗುರುತಿಸಿದ್ದು ಹೀಗೆ: ನಾನು ಒಂದೊಂದೇ ಮಂಚದಲ್ಲಿ ಮಲಗುವುದು, ಇಡಗುಂದಿಯವಳು ಕಲ್ಲುಗಳ ಮೇಲೆ ಹಲಗೆ ಇಟ್ಟುಕೊಂಡು ಹಿತ್ತಲಲ್ಲಿ ಕೂರುವುದು. ತಲೆ, ಭುಜ, ಕೈ ಮೂರೂ ಕಂಡರೆ "ಕಾಣ್ತದೆ" ಎಂದು ಕೂಗುತ್ತಿದ್ದೆ. ಮೇಸ್ತ್ರಿ ಸುಣ್ಣದ ಗುರುತು ಹಾಕುತ್ತಿದ್ದ. ರೋಗಿ ಇದ್ದ ಮಂಚಗಳಲ್ಲಿ ರೋಗಿಗಳೇ ಕೂಗಿದರು. ಎರಡು ದಿನ ಹಿಡಿಯಿತು. ಸುಣ್ಣದ ಚುಕ್ಕೆಗಳನ್ನು ಸೇರಿಸಿದಾಗ ಸಾಲು ನೇರ ಬರಲಿಲ್ಲ. ದಿಬ್ಬದಿಂದ ಹೊರಟು ಹೆಂಗಸರ ವಾರ್ಡಿನ ಕಡೆಗೆ ಕುಡುಗೋಲಿನಂತೆ ಬಾಗಿತು. ನೇರ ಮಾಡಿಸಲು ಕೈ ತುರಿಸಿತು. ಮಾಡಿಸಲಿಲ್ಲ.

ಆ ಗೆರೆಯ ಮೇಲೆ ಒಂದೂವರೆ ಅಡಿ ಪಾಯ ತೆಗೆದು, ಒಡೆದ ಬೆಂಚುಗಳ ಕಲ್ಲನ್ನೂ ಸೇರಿಸಿ ಮೂರಡಿ ಎತ್ತರದ ತಡೆಗೋಡೆ ಕಟ್ಟಿದರು. ಮಳೆನೀರು ಒಳಗೆ ನಿಂತು ಗೋಡೆ ದೂಡದಿರಲೆಂದು ಐದೈದು ಅಡಿಗೆ ಪೈಪಿನ ತುಂಡು ಇಟ್ಟು, ಹಿಂದೆ ಜಲ್ಲಿ ತುಂಬಿಸಿದೆ. ಮಣ್ಣನ್ನು ಆರಾರು ಇಂಚು ಹರಡಿ, ನೀರು ಚಿಮುಕಿಸಿ, ದಮ್ಮಸು ಹೊಡೆಸಿ, ಮತ್ತೆ ಆರಿಂಚು. ಮೇಲೆ ಕೆಂಪು ಗಾರೆ ಬೇಡವೆಂದು ಇಡಗುಂದಿಯವಳು ಹೇಳಿದಳು. "ಮಳೆಗಾಲಕ್ಕೆ ಪಾಚಿ ಕಟ್ತದೆ ಸಿಸ್ಟರ್. ಯಾರಾದ್ರೂ ಜಾರಿ ಸೊಂಟ ಮುರ್ಕಂಡ್ರೆ ಅವ್ರನ್ನೂ ನಿಮ್ಮ ಹತ್ರನೇ ಹಾಕ್ಬೇಕಾಗ್ತದೆ." ಒರಟು ಕಲ್ಲನ್ನೇ ಹಾಸಿದೆವು. ಕೂರುವ ಕಟ್ಟೆ ಒಂಬತ್ತಿಂಚು ಎತ್ತರ, ಬೆನ್ನಿಗೆ ಒರಗಲು ಗಿಡ್ಡ ಗೋಡೆ. ನಡೆಯಲು ಕಲಿಯುವವರಿಗೆ ಮೂವತ್ತಡಿ ಉದ್ದದ ಇಳಿಜಾರು ದಾರಿ. ಪಕ್ಕದಲ್ಲಿ ಹಿಡಿಕೆಗೆ ಹಳೆಯ ಮಂಚಗಳ ಕಬ್ಬಿಣದ ಕೊಳವೆಗಳನ್ನು ಬೆಸುಗೆ ಹಾಕಿಸಿದೆ.

ಕೆಲಸ ಸರಿದಾರಿಗೆ ಬಂದಿತ್ತು. ನನ್ನ ಮನಸ್ಸು ಅಷ್ಟು ಬೇಗ ಬರಲಿಲ್ಲ. ಒಲೆ ಕಟ್ಟುವ ದಿನ ಮೇಸ್ತ್ರಿ ಕರಣೆ ಹಿಡಿದು, "ಅಕ್ಕೋರ, ಒಲೀ ಬಾಯಿ ಯಾ ಕಡೆ ಇಡೂದ್ರಿ?" ಎಂದ. ನಾನು 'ಉತ್ತರ ದಿಕ್ಕಿಗೆ' ಎಂದು ಹೇಳಲು ಹೊರಟೆ. ನೋಡಿದರೆ ಅವನು ಕೇಳಿದ ಅಕ್ಕೋರು ನಾನಾಗಿರಲಿಲ್ಲ. ಎರಡು ಹಂಡೆ ಒಟ್ಟಿಗೆ ಕೂರುವ ಒಲೆಯಾಯಿತು ಅದು, ತಗಡಿನ ಹೊಗೆಕೊಳವೆ ಸಮೇತ. ಬೆಂಕಿ ಹಚ್ಚಿದ ಸಂಜೆ ಕಟ್ಟೆಯ ತುಂಬ ಜನ. ಊರವರು ಅದನ್ನು ಇಡಗುಂದಿ ಅಕ್ಕನ ಕಟ್ಟೆ ಎಂದು ಕರೆಯತೊಡಗಿದ್ದೂ ಅವತ್ತಿನಿಂದಲೇ. ಬೋರ್ಡು ಹಾಕಿಸೋಣವೇ ಎಂದು ವೈದ್ಯರು ಕೇಳಿದಾಗ ಬೇಡವೆಂದೆ. ಬೋರ್ಡಿನಲ್ಲಿ ನನ್ನ ಹೆಸರು ಬರೆಸಿದರೂ ಜನ ಕರೆಯುವುದು ಬದಲಾಗುತ್ತಿರಲಿಲ್ಲ.

ಮಾರ್ಚ್ ಕೊನೆಗೆ ಸರಳು ತೆಗೆದರು. ವೈದ್ಯರು ಟೇಪು ಹಿಡಿದು ಎರಡೂ ಕಾಲು ಅಳೆದರು. ವ್ಯತ್ಯಾಸ ಒಂದು ಬೆರಳಿನಷ್ಟೂ ಇರಲಿಲ್ಲ. ಜೀಪಿನವನನ್ನು ಇನ್ನೊಮ್ಮೆ ಮುಂದಕ್ಕೆ ಹಾಕಿದರು. ಮೂರು ವಾರ ಮಂಚದಲ್ಲೇ ಮೊಣಕಾಲು ಮಡಿಸುವ ಅಭ್ಯಾಸ, ದಿನಕ್ಕೆ ಆರು ಸಲ, ಗಡಿಯಾರ ನೋಡಿ ನಾನೇ ಮಾಡಿಸಿದೆ. ಆಮೇಲೆ ಕಂಕುಳ ಕೋಲು.

ಅವನು ಹೊರಗೆ ನಡೆದ ದಿನ ನಾನು ಒಂದು ಹೆಜ್ಜೆ ಹಿಂದಿದ್ದೆ, ಕೈಗಳನ್ನು ಅವನ ಸೊಂಟದ ಹತ್ತಿರ ಹಿಡಿದು, ಮುಟ್ಟದೆ. ವಾರ್ಡಿನ ಹಿಂಬಾಗಿಲಿನಿಂದ ಅಂಗಳ, ಅಂಗಳದಿಂದ ಇಳಿಜಾರು ದಾರಿ. ಅವಳು ಮೇಲೆ, ದಾರಿ ಮುಗಿಯುವಲ್ಲಿ ನಿಂತಿದ್ದಳು. ಅರ್ಧದಲ್ಲಿ ಅವನ ಉಸಿರು ಜೋರಾಯಿತು. ಅಲ್ಲಿಂದ ಮುಂದೆ ಅವನು ದಾರಿ ನೋಡಲಿಲ್ಲ, ಅವಳನ್ನೇ ನೋಡಿಕೊಂಡು ಹತ್ತಿದ. ಕಟ್ಟೆಯ ಮೇಲಿದ್ದವರೆಲ್ಲ ಸರಿದು ಜಾಗ ಬಿಟ್ಟರು. ಅವನು ಕುಳಿತ. ಎಲ್ಲರೂ ಅವಳ ಭುಜ ತಟ್ಟಿದರು. ನನ್ನ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು; ಇಳಿಸಿಕೊಂಡೆ. ಆ ಹಳೆಯ ಕಲ್ಲು ಎದೆಯಲ್ಲಿ ಮತ್ತೊಮ್ಮೆ ಕುಳಿತಿತು.

"ನಾನಾಗಿದ್ದರೆ ಕೆಳಗೆ ಬಂದು ಅವನ ಕೈ ಹಿಡಿಯುತ್ತಿದ್ದೆ" ಎಂದು ಅವಳಿಗೆ ಹೇಳಿದೆ. ಸ್ವಲ್ಪ ಬಿರುಸಾಗಿಯೇ.

"ಹಿಂದೆ ನೀವಿದ್ರಲ್ಲ ಸಿಸ್ಟರ್" ಎಂದಳು ಅವಳು. "ಬಿದ್ರೆ ನೀವು ಹಿಡಿತ್ರಿ ಅಂತಲೇ ನಾ ಇಲ್ಲಿ ನಿಂತಿದ್ದೆ."

ನಾನು ಕಂಕುಳ ಕೋಲುಗಳನ್ನು ಗೋಡೆಗೆ ಒರಗಿಸಿಟ್ಟು, ಅವನ ಮುಂಗೈ ಹಿಡಿದು ನಾಡಿ ನೋಡತೊಡಗಿದೆ. ಎರಡು ಸಲ ಎಣಿಕೆ ತಪ್ಪಿತು.